ರೀಲು ಬಿಡುವವನ ಹೆಬ್ಬೆಟ್ಟು

ಐವತ್ತರ ಹತ್ತಿರ ಬಂದವರನ್ನು ನಿಲ್ಲಿಸಿ, ನಿಮ್ಮ ಮಾತು ಕೇಳದ ಅಂಗ ಯಾವುದು ಎಂದು ವಿಚಾರಿಸಿದರೆ ಮಂಡಿ ಅನ್ನುತ್ತಾರೆ, ಸೊಂಟ ಅನ್ನುತ್ತಾರೆ, ತೀರಾ ಪ್ರಾಮಾಣಿಕರಾದರೆ ನಾಲಗೆ ಅನ್ನುತ್ತಾರೆ. ನನ್ನದು ಬಲಗೈ ಹೆಬ್ಬೆಟ್ಟು. ಅದಕ್ಕೆ ನೋವಿಲ್ಲ, ಊತವಿಲ್ಲ, ಡಾಕ್ಟರಿಗೆ ತೋರಿಸಿದರೆ ನಕ್ಕು ಕಳಿಸುತ್ತಾರೆ. ಅದರ ಕಾಯಿಲೆ ಇಷ್ಟೇ: ನಾನು ಕನಸಿಗೆ ಬಿದ್ದೆನೆಂದರೆ ಅದು ತನ್ನಷ್ಟಕ್ಕೆ ತಾನು ಮೇಲೇಳುತ್ತದೆ. ಚನ್ನಪಟ್ಟಣದ ಕಾಲೇಜೊಂದರಲ್ಲಿ ನಾನು ಫಿಸಿಕ್ಸ್ ಮೇಷ್ಟ್ರು. ಪಾಠದ ನಡುವೆ ಕಿಟಕಿಯಾಚೆ ಒಂದು ಮೋಡ ಹಾದುಹೋದರೆ ಸಾಕು, ನಾನು ಅದರ ಹಿಂದೆ ಹೊರಟಿರುತ್ತೇನೆ, ಹೆಬ್ಬೆಟ್ಟು ಎದ್ದಿರುತ್ತದೆ, ಸೀಮೆಸುಣ್ಣ ನೆಲದ ಮೇಲೆ ಎರಡು ತುಂಡಾಗಿರುತ್ತದೆ. ಕಾಫಿ ಲೋಟ, ಬೀಗದ ಕೈ, ಒಮ್ಮೆ ರಾಮನಗರ ಸ್ಟೇಷನ್ನಿನಲ್ಲಿ ಹೆಂಡತಿಯ ಕೈ, ಎಲ್ಲವನ್ನೂ ಈ ಹೆಬ್ಬೆಟ್ಟು ಹೀಗೆಯೇ ಕೈಬಿಟ್ಟಿದೆ. ಇಂಥವನು ಮೀನು ಹಿಡಿಯುವ ರೀಲು ತಗೊಳ್ಳಬಾರದಿತ್ತು. ತಗೊಂಡೆ.

ರೀಲು ಅಂದಕೂಡಲೆ ನಮ್ಮ ರಾಮನಗರದಲ್ಲಿ ಯಾವ ರೀಲು ಎಂದು ಬಿಡಿಸಿ ಹೇಳಬೇಕು. ಇದು ರೇಷ್ಮೆ ಗೂಡಿನ ಊರು. ಗೂಡು ಬೇಯಿಸಿ ನೂಲು ತೆಗೆಯುವವರನ್ನು ಇಲ್ಲಿ ರೀಲರ್ ಅನ್ನುತ್ತಾರೆ. ಮಕ್ಕಳು ಮೊಬೈಲಿನಲ್ಲಿ ನೋಡುವುದೂ ರೀಲೇ. ಇನ್ನು ಇಲ್ಲದ್ದನ್ನು ಇದೆ ಎಂದು ಬಡಾಯಿ ಕೊಚ್ಚುವವನು ರೀಲು ಬಿಡುವವನು. ನನ್ನ ಮಾವ ಪುಟ್ಟಸ್ವಾಮಯ್ಯನವರು ಮೊದಲನೇ ಪಂಗಡದವರು. ಕೂಟಗಲ್ಲಿನವರು, ರಾಮನಗರದಲ್ಲಿ ಮೂವತ್ತು ವರ್ಷ ನೂಲು ತೆಗೆದವರು. ನಾನು ಮೂರನೇ ಪಂಗಡಕ್ಕೆ ಸೇರಿದ್ದು ಹೆಣ್ಣು ನೋಡಲು ಹೋದ ದಿನವೇ. ಬಿಡುವಿದ್ದಾಗ ಏನು ಮಾಡ್ತೀರಿ ಎಂದು ಅವರು ಕೇಳಿದರು. ಅವರ ಮಗಳು ಸುಧಾ ಉಪ್ಪಿಟ್ಟಿನ ತಟ್ಟೆ ಹಿಡಿದು ಆಗಷ್ಟೇ ಬಾಗಿಲಿಗೆ ಬಂದಿದ್ದಳು. ಅವಳ ಮುಖ ನೋಡಿ ನನಗೆ ಕನಸು ಹತ್ತಿತು. ಅರ್ಕಾವತಿಯಲ್ಲಿ ಮೀನು ಹಿಡಿಯುತ್ತೇನೆ ಅಂದೆ. ಎಷ್ಟುದ್ದದ್ದು ಅಂದರು. ಕೈ ಅಗಲಿಸಿ ತೋರಿಸಿದೆ. ಉಪ್ಪಿಟ್ಟು ಮುಗಿಯುವ ಹೊತ್ತಿಗೆ ಮೀನು ಇನ್ನೊಂದು ಮೊಳ ಬೆಳೆದಿತ್ತು. ನಿಜ ಹೇಳುತ್ತೇನೆ, ನಾನು ಆ ತನಕ ಮಾಡಿದ್ದು ಸೋದರಮಾವನ ಪಕ್ಕದಲ್ಲಿ ಚೀಲ ಹಿಡಿದು ಕೂತದ್ದು ಮಾತ್ರ.

ಪುಟ್ಟಸ್ವಾಮಯ್ಯನವರು ಎಲೆಯಡಿಕೆ ಉಗಿದು ಬಂದು ಎಲ್ಲರೆದುರಿಗೆ ಹೇಳಿದರು: "ಅಳಿಯಂದ್ರು ರೀಲು ಚೆನ್ನಾಗ್ ಬುಡ್ತರೆ. ನಮ್ ಕಸುಬಿಗೆ ಸರ್ಯಾದ ಗಂಡೇ ಸಿಕ್ದ ಬುಡಿ."

ಮನೆಯೆಲ್ಲ ನಕ್ಕಿತು. ಬಾಗಿಲಲ್ಲಿ ನಿಂತವಳೂ ನಕ್ಕಳು. ಇಪ್ಪತ್ತೆರಡು ವರ್ಷವಾಯಿತು, ಕೂಟಗಲ್ಲಿನಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ರೀಲಳಿಯ ಬಂದ್ರು ಕಾಫಿ ಮಾಡಿ ಅನ್ನುತ್ತಾರೆ. ನಾನು ಎಂ.ಎಸ್ಸಿ. ಮಾಡಿದ್ದು, ಇಬ್ಬರು ಮಕ್ಕಳನ್ನು ಓದಿಸಿದ್ದು, ಒಮ್ಮೆ ಮಾವನ ಮನೆಯ ಪಂಪ್‌ಸೆಟ್ಟು ಸರಿಮಾಡಿದ್ದು ಯಾವುದೂ ಆ ಹೆಸರನ್ನು ಅಳಿಸಲಿಲ್ಲ. ಆ ಮುದುಕರ ಬಾಯಲ್ಲಿ ಒಂದೇ ಒಂದು ಸಲ "ಭೇಷ್" ಅನ್ನಿಸಿಕೊಳ್ಳಬೇಕು ಎಂಬುದು ನನ್ನೊಳಗೆ ಹುಣ್ಣಿನಂತೆ ಉಳಿದುಬಿಟ್ಟಿತು.

ಹೀಗಿರುವಾಗ ನಮ್ಮ ಕಾಲೇಜಿನ ಕೆಮಿಸ್ಟ್ರಿಯ ಮಂಜುನಾಥ, ಕೋಡಿಹಳ್ಳಿ ಕಡೆಯವನು, ಒಂದು ದಿನ ಗಾಳದ ಕೋಲು, ಪುಟ್ಟ ಗುಂಡು ರೀಲು, ಒಂದು ಉಂಡೆ ದಾರ ತಂದು ನನ್ನ ಮೇಜಿನ ಮೇಲಿಟ್ಟ. "ತಕ್ಕೊಳ್ಲಾ, ನೀನೇ ಮಡಿಕ್ಕೊ. ಬೇಟ್‌ಕಾಸ್ಟಿಂಗ್ ರೀಲು ಅಂತಾರೆ. ದಾರ ಫ್ಲೋರೋಕಾರ್ಬನ್ ಕಣ್ಲಾ, ನೀರ್ಗ್ ಬಿದ್ರೆ ಕಾಣಾಕಿಲ್ಲ. ನಂಗ್ಯಾಕೋ ಒಗ್ಗಲ್ಲ" ಅಂದ. ಒಳ್ಳೆಯ ವಸ್ತುವನ್ನು ಮಂಜುನಾಥ ಪುಕ್ಕಟೆ ಕೊಡುವವನಲ್ಲ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಏಕೆಂದರೆ ನೀರಿಗೆ ಬಿದ್ದರೆ ಕಾಣದ ದಾರ ಎಂಬ ಮಾತು ಕೇಳಿದಾಗಲೇ ನಾನು ಅಲ್ಲಿರಲಿಲ್ಲ. ಬೆಳಗಿನ ಕೆರೆ, ಬಂಡೆಗುಡ್ಡದ ನೆರಳು ನೀರಿನಲ್ಲಿ ತಲೆಕೆಳಗಾಗಿ ಮಲಗಿದೆ, ನನ್ನ ಕೈಯಿಂದ ಹೊರಟ ಒಂದು ಎಳೆ ಗಾಳಿಯಲ್ಲಿ ಹೊಳೆದು ನೀರು ಮುಟ್ಟಿ ಮಾಯವಾಗುತ್ತಿದೆ, ದಡದಲ್ಲಿ ಮಾವ ನಿಂತು ಭೇಷ್ ಅನ್ನುತ್ತಿದ್ದಾರೆ. ಕಣ್ಣು ತೆರೆದಾಗ ಮಂಜುನಾಥ ಹೋಗಿಯಾಗಿತ್ತು.

ಈ ರೀಲಿನ ಗುಟ್ಟು ಏನೆಂದರೆ ಎಸೆದಾಗ ದಾರ ಸುತ್ತಿದ ಉರುಳೆಯೇ ಗಿರ್ರನೆ ತಿರುಗುತ್ತದೆ. ನಿಜವಾದ ಮೀನಿಗೆ ಆಸೆ ತೋರಿಸಲು ತುದಿಗೆ ಕಟ್ಟಿದ ಪ್ಲಾಸ್ಟಿಕ್ ಮೀನು ಮುಂದೆ ಹಾರುತ್ತಾ ದಾರ ಎಳೆಯುತ್ತದೆ, ಉರುಳೆ ಬಿಚ್ಚಿಕೊಡುತ್ತದೆ. ಗಾಳಿಗೆ ಮೀನಿನ ವೇಗ ತಗ್ಗುತ್ತದೆ, ಆದರೆ ಉರುಳೆಗೆ ಆ ಸುದ್ದಿ ಮುಟ್ಟುವುದಿಲ್ಲ. ಅದು ಹಳೇ ಹುರುಪಿನಲ್ಲೇ ತಿರುಗುತ್ತಿರುತ್ತದೆ. ಹೋಗಲು ಜಾಗವಿಲ್ಲದ ದಾರ ಅಲ್ಲೇ ಒಂದರಮೇಲೊಂದು ಬಿದ್ದು ಗಂಟಾಗುತ್ತದೆ. ಇದಕ್ಕೆ ಹಕ್ಕಿಗೂಡು ಎಂದು ಹೆಸರು. ಆಗದಿರಬೇಕಾದರೆ ಉರುಳೆಯ ಮೇಲೆ ಹೆಬ್ಬೆಟ್ಟನ್ನು ಹಗುರಾಗಿ ಇಟ್ಟಿರಬೇಕು, ಮೀನು ನೀರು ಮುಟ್ಟುವ ಗಳಿಗೆಗೆ ಒತ್ತಿ ನಿಲ್ಲಿಸಬೇಕು. ಜಡತ್ವದ ನಿಯಮ. ಇದನ್ನು ನಾನು ಕರಿಹಲಗೆಯ ಮೇಲೆ ಬರೆದು ಚೆಂದಾಗಿ ವಿವರಿಸಬಲ್ಲೆ. ತಾರಸಿಯ ಮೇಲೆ ನಿಂತು ದಾರದ ತುದಿಗೆ ಒಂದು ಕಬ್ಬಿಣದ ನಟ್ಟು ಕಟ್ಟಿ ಎಸೆದಾಗ ಮಾತ್ರ, ನಟ್ಟು ನೀಲಿ ಆಕಾಶಕ್ಕೆ ಏರಿದ ಚೆಂದ ನೋಡುತ್ತಾ ನಾನು ಮೈಮರೆತೆ, ಹೆಬ್ಬೆಟ್ಟು ಎದ್ದಿತು. ಉರುಳೆ ಬರ್ರ್ ಅಂದು ಗುರ್ರ್ ಅಂದು ನಿಂತಿತು. ನೋಡಿದರೆ ಗೀಜಗನೂ ನಾಚಬೇಕು, ಅಂಥ ಗೂಡು.

ಆ ವಾರವೇ ಮಾವ ಕಣ್ಣಿನ ಪೊರೆಯ ಆಪರೇಷನ್ನಿಗೆಂದು ನಮ್ಮ ಮನೆಗೆ ಬಂದಿದ್ದರು. ದೃಷ್ಟಿ ಪೂರ್ತಿ ಮಬ್ಬು. ನನ್ನನ್ನೂ ತೆಂಗಿನ ಗಿಡವನ್ನೂ ಕೆಮ್ಮಿನಿಂದಲೇ ಬೇರೆ ಮಾಡುತ್ತಿದ್ದರು. ತಾರಸಿಯ ನೆರಳಲ್ಲಿ ಕುರ್ಚಿ ಹಾಕಿ ಕೂತಿದ್ದವರು ಸದ್ದು ಕೇಳಿದ್ದೇ ತಲೆ ಎತ್ತಿದರು.

"ಹೆಬ್ಬೆಟ್ಟು ಎತ್ ಬುಟ್ರಿ."

ನಾನು ಬೆಚ್ಚಿದೆ. "ನಿಮಗೆ ಕಾಣುತ್ತಾ ಮಾವ?"

"ಕಾಣದೇನು, ಕೇಳ್ತದಲ್ಲ. ಮೂವತ್ ವರ್ಸ ತಿರ್ಗೋ ರಾಟೆ ಮುಂದೆ ಕುಂತಿದ್ದೋನು ನಾನು. ಎಲ್ಲಿ, ಇತ್ಲಾಗ್ ಕೊಡಿ."

ಕೊಟ್ಟೆ. ಅವರ ಬೆರಳು ಗಂಟಿನ ಮೇಲೆ ಒಮ್ಮೆ ಓಡಾಡಿತು. ಆಮೇಲೆ ಅವರು ನಕ್ಕ ನಗೆಗೆ ಕೆಳಗಿನಿಂದ ಸುಧಾ ಓಡಿ ಬಂದಳು. "ಏ ಸುಧಾ, ಗೂಡಿಂದ ನೂಲು ತೆಗ್ಯೋರ್‍ನ ನೋಡಿವ್ನಿ ಕನವ್ವ. ನೂಲಿಂದ ಗೂಡು ಕಟ್ಟೋ ಅಳಿಯನ್ನ ಈಗ್ಲೇ ನೋಡಿದ್ದು!" ಅಂದರು. ನಾನು ಜಡತ್ವದ ಬಗ್ಗೆ ಎರಡು ಮಾತು ಹೇಳಹೊರಟೆ. "ಅದೆಲ್ಲ ನಂಗ್ ಗೊತ್ತಾಗಾಕಿಲ್ಲ, ನಾನು ಸೈನ್ ಮಾಡಕ್ ಬರ್ದಿರೋ ಹೆಬ್ಬೆಟ್ಟು. ನಿಮಗೆ ಸೈನು ಬತ್ತದೆ, ಹೆಬ್ಬೆಟ್ಟೇ ಬರಾಕಿಲ್ಲವಲ್ಲ" ಅಂದರು. ಸುಧಾ ಸೆರಗು ಬಾಯಿಗೆ ಒತ್ತಿಕೊಂಡು ಕೆಳಗಿಳಿದಳು.

ನಾನು ಎಳೆಯಲು ಹೋದರೆ ಕೈಮೇಲೆ ಹೊಡೆದರು. ಎಳೆದಷ್ಟೂ ಗಂಟು ಬಿಗಿಯುತ್ತದಂತೆ. ಉರುಳೆಯನ್ನು ಹೆಬ್ಬೆಟ್ಟಿನಿಂದ ಒತ್ತಿ ಹಿಡಿದು ಹಿಡಿಕೆಯನ್ನು ಮೂರ್ನಾಲ್ಕು ಸುತ್ತು ತಿರುಗಿಸಿ, ಆಮೇಲೆ ಮೆಲ್ಲಗೆ ಬಿಟ್ಟರು. ಅರ್ಧ ಗಂಟು ತಾನೇ ಸಡಿಲಾಯಿತು. ಉಳಿದದ್ದನ್ನು ಒಂದೊಂದೇ ಕುಣಿಕೆಯಾಗಿ ಎತ್ತಿದರು. ಕಣ್ಣು ಎಲ್ಲೋ ದೂರದ ಬಂಡೆಗುಡ್ಡದ ಕಡೆಗಿತ್ತು. ಹಿಂಜಿದ ಅರಳೆಯಂತೆ ತೆಳುವಾದ ಮಧ್ಯಾಹ್ನದ ಮೋಡ, ಎಲ್ಲಿಂದಲೋ ರೈಲಿನ ಕೂಗು, ಮುದುಕರ ಬೆರಳು. ನೋಡುತ್ತಾ ನೋಡುತ್ತಾ ನನಗೆ ಹಿತವಾದ ಮಂಪರು ಬಂತು. ರಾಟೆ ಮಾರಿ ಎಂಟು ವರ್ಷವಾದ ಮೇಲೆ ಅವರು ನೂಲಿನ ಮಾತೇ ಆಡುತ್ತಿರಲಿಲ್ಲ. ಅಂದು ತಾವಾಗಿಯೇ ಆಡಿದರು.

"ನಾವು ನೀರಿಂದ ನೂಲು ತೆಗೀತಿದ್ದೋ. ನೀವು ನೀರಿಗೆ ನೂಲು ಬುಡ್ತಿರಿ. ಅಷ್ಟೇಯ ವ್ಯತ್ಯಾಸ. ಈ ದಾರ ಒಸಿ ಮೊಂಡು. ಸುತ್ಕಂಡಿದ್ದ ಸುರುಳಿನ ಮರೆಯಾಕಿಲ್ಲ."

"ನೆನಪಿನ ಶಕ್ತಿ ಜಾಸ್ತಿ ಮಾವ, ಈ ಜಾತಿ ದಾರಕ್ಕೆ."

ಕಾಫಿ ತಂದ ಸುಧಾ, "ನಿಮಗಿಂತಲೂ ವಾಸಿ ಹಾಗಾದರೆ" ಅಂದಳು. ರಾಮನಗರ ಸ್ಟೇಷನ್ನಿನ ವಿಷಯ ಅವಳು ಇನ್ನೂ ಮರೆತಿಲ್ಲ.

ಮಾವ ಹೇಳಿಕೊಟ್ಟದ್ದು ಇಷ್ಟು. ಉರುಳೆಯ ಅಂಚಿನತನಕ ದಾರ ತುಂಬಬೇಡಿ, ಜಾಗ ಬಿಡಿ. ರೀಲಿನ ಪಕ್ಕದ ತಿರುಪನ್ನು, ದಾರದ ತುದಿಯ ತೂಕ ನಿಧಾನವಾಗಿ ಕೆಳಗಿಳಿಯುವಷ್ಟು ಬಿಗಿಮಾಡಿ. ಗೂಡು ಬೇಯಿಸೋ ಹಂಗೆ ದಾರಕ್ಕೆ ಒಸಿ ಬಿಸಿನೀರು ತೋರಿಸಿ, ಮೆತ್ತಗಾಗುತ್ತದೆ, ಹಳೇ ಸುರುಳಿ ಮರೆಯುತ್ತದೆ. ಕೊನೆಯದಾಗಿ ಎದ್ದು ನಿಂತು ಹೇಳಿದರು: "ನಂಗ್ ಆಪ್ರೇಸನ್ ಆಗ್ಲಿ. ಡಾಕ್ಟ್ರು ಕಪ್ ಕನ್ನಡಕ ತೆಗ್ಸಿದ್ ದಿನ ನಮ್ಮೂರ್ ಕೆರೆ ತಾವ್ ಓಗನ. ನೀವು ಒಂದ್ ಸಲ ಗಂಟಾಗ್ದಂಗೆ ಬುಡಿ. ಬುಟ್ರೆ ರೀಲಳಿಯ ಅನ್ನೋದ್ ಬುಟ್ ಬುಡ್ತೀನಿ. ನನ್ ಮಗಳಾಣೆ."

ಇಪ್ಪತ್ತೆರಡು ವರ್ಷದ ಹೆಸರು ಒಂದು ಎಸೆತದಲ್ಲಿ ಹೋಗುವುದೆಂದರೆ! ಆಪರೇಷನ್ನು ಸಲೀಸಾಗಿ ಆಯಿತು. ಅವರು ಕಪ್ಪು ಕನ್ನಡಕ ಹಾಕಿಕೊಂಡು ಕೋಣೆಯಲ್ಲಿ ಕೂತ ಅಷ್ಟೂ ದಿನ ನಾನು ತಾರಸಿಯಲ್ಲಿ ಸಾಧನೆ ಮಾಡಿದೆ. ಹೆಬ್ಬೆಟ್ಟಿಗೆ ನೆನಪಾಗಲೆಂದು ಅದರ ಉಗುರಿಗೆ ಮಗಳ ಕೆಂಪು ಪಾಲಿಷ್ ಕೂಡ ಹಚ್ಚಿದೆ. ಕಾಲೇಜಿನಲ್ಲಿ ಮಂಜುನಾಥ ಅದನ್ನು ನೋಡಿ ಎದ್ದು ಹೋದ.

ಶನಿವಾರ, ಅಂದರೆ ಕೆರೆಗೆ ಹೋಗುವ ಹಿಂದಿನ ದಿನ, ದಾರಕ್ಕೆ ಬಿಸಿನೀರು ತೋರಿಸಲು ಕೂತೆ. ಗೂಡು ಬೇಯಿಸೋ ಹಂಗೆ ಎಂಬ ಮಾತು ತಲೆಯಲ್ಲಿತ್ತು. ಒಸಿ, ಅಂದರೆ ಸ್ವಲ್ಪವೇ, ಎಂಬ ಮಾತು ಬಿದ್ದುಹೋಗಿತ್ತು. ಉರುಳೆಯನ್ನು ಪುಟ್ಟ ಪಾತ್ರೆಯಲ್ಲಿ ಹಾಕಿ ಒಲೆಯ ಮೇಲಿಟ್ಟೆ. ಆವಿ ಎದ್ದಿತು. ಆವಿಯಲ್ಲಿ ಕೆರೆ ಕಂಡಿತು, ಕೆರೆಯ ದಡದಲ್ಲಿ ಮಾವ ಕಂಡರು, ಕೂಟಗಲ್ಲಿನವರೆಲ್ಲ ನನ್ನನ್ನು ನನ್ನ ಹೆಸರು ಹಿಡಿದು ಕರೆಯುತ್ತಿದ್ದರು. ಸುಧಾ ಬಂದು ಭುಜ ಅಲುಗಿಸಿದಾಗ ಪಾತ್ರೆಯಲ್ಲಿ ನೀರಿರಲಿಲ್ಲ.

"ಏನ್ರೀ ಅದು ಸೀದ ವಾಸನೆ? ಏನು ಬೇಯಿಸ್ತಿದ್ದೀರಿ?"

"ದಾರ."

ಅವಳು ಇಣುಕಿ ನೋಡಿದಳು. ದಾರವೆಲ್ಲ ಮುರುಟಿ ಕಂದುಬಣ್ಣವಾಗಿ ಅಂಟಿಕೊಂಡಿತ್ತು. "ಉಪ್ಪು ಹಾಕಿದ್ರಾ?" ಅಂದವಳು ಆಮೇಲೆ ನನ್ನ ಮುಖ ನೋಡಿದಳು. ನನಗೆ ನಿಜವಾಗಿ ಅಳು ಬಂದಿತ್ತು. ಅವಳೇ ಪಾತ್ರೆ ಆರಿಸಿ, ಉರುಳೆಯನ್ನು ಚಾಕುವಿನಿಂದ ಹೆರೆದು ಕೊಟ್ಟಳು. ಪುಣ್ಯಕ್ಕೆ ಉರುಳೆ ಲೋಹದ್ದು. ಮಂಜುನಾಥ ಕೊಟ್ಟ ಉಂಡೆಯಲ್ಲಿ ಅಷ್ಟಿಷ್ಟು ದಾರ ಉಳಿದಿತ್ತು, ಸುತ್ತಿದೆ. ಉರುಳೆ ಅರ್ಧವೂ ತುಂಬಲಿಲ್ಲ. ಮಾವ ಮೊದಲ ದಿನ ಹೇಳಿದ್ದೂ ಅದನ್ನೇ ಅಲ್ಲವೇ ಎಂದು ಸುತ್ತಿ ಮುಗಿಸಿದ ಮೇಲೆ ನೆನಪಾಯಿತು.

ಭಾನುವಾರ ಬೆಳಿಗ್ಗೆ ಕೂಟಗಲ್ಲಿನ ಕೆರೆ ನನ್ನ ಕನಸಿನಲ್ಲಿದ್ದ ಹಾಗೆಯೇ ಇತ್ತು. ಗುಡ್ಡ ನೀರಿನಲ್ಲಿ ತಲೆಕೆಳಗಾಗಿ ಮಲಗಿತ್ತು. ಮಾವ ಹೊಸ ಕಣ್ಣಿನಿಂದ ಅತ್ತಿತ್ತ ನೋಡುತ್ತಾ ದಡದಲ್ಲಿ ನಿಂತರು, ಪಕ್ಕದಲ್ಲಿ ಸುಧಾ. ನಾನು ಕೆಂಪು ಉಗುರಿನ ಮೇಲೆ ಕಣ್ಣು ನೆಟ್ಟು ಎಸೆದೆ. ಉರುಳೆ ಮೆಲ್ಲಗೆ ಹಾಡಿತು. ಹೆಬ್ಬೆಟ್ಟು ಏಳಲಿಲ್ಲ. ಪ್ಲಾಸ್ಟಿಕ್ ಮೀನು ಕೆರೆಯ ನಡುವೆ ತೊಪ್ ಎಂದು ಬಿದ್ದಾಗ ಒತ್ತಿ ನಿಲ್ಲಿಸಿದೆ. ಒಂದು ಕುಣಿಕೆ, ಒಂದೇ ಒಂದು ಕುಣಿಕೆಯೂ ಇರಲಿಲ್ಲ.

"ನೋಡಿದ್ರಾ ಮಾವ?"

ಮಾವ ಮಗಳ ಮುಖ ನೋಡುತ್ತಿದ್ದರು. "ಏನವ್ವ, ತಲೆಯೆಲ್ಲ ಇಷ್ಟೊಂದ್ ನೆರ್ತೋಗದಲ್ಲ, ನಂಗ್ ಗೊತ್ತೇ ಆಗ್ಲಿಲ್ವಲ್ಲ" ಅನ್ನುತ್ತಾ ಅವಳ ಕಿವಿಯ ಮೇಲಿನ ಕೂದಲು ಮುಟ್ಟುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು. "ಬುಟ್ರಾ? ಎಲ್ಲಿ, ದಾರ ಎಲ್ಲೈತೆ?"

"ನೀರಲ್ಲಿದೆ ಮಾವ. ಕಾಣುವುದಿಲ್ಲ. ಅದು ನೀರಿಗೆ ಬಿದ್ದರೆ ಕಾಣದ ದಾರ."

"ಕಾಣದ ದಾರ!" ಕೆರೆಯ ಆಚೆಗೂ ಕೇಳುವಂತೆ ನಕ್ಕರು. "ಲೇ ಸುಧಾ, ಇಪ್ಪತ್ತೆರಡ್ ವರ್ಸದಿಂದ ಇಂಥಾ ರೀಲು ಬುಟ್ಟಿರ್ನಿಲ್ಲ ಕನವ್ವ ನಿನ್ ಗಂಡ!"

ರೋಷಕ್ಕೆ ಸುತ್ತಿಕೊಂಡು ಮತ್ತೊಮ್ಮೆ ಎಸೆದೆ. ರೋಷದಲ್ಲಿ ಹೆಬ್ಬೆಟ್ಟು ಎಲ್ಲಿತ್ತೆಂದು ಹೇಳಬೇಕಾಗಿಲ್ಲ. ಬರ್ರ್, ಗುರ್ರ್. "ಹಾಂ, ಇದ್ ಕಾಣ್ತು" ಅಂದರು ಮಾವ. ಅಲ್ಲೇ ಬಂಡೆಯ ಮೇಲೆ ಕೂತು, ಗೂಡನ್ನು ತೊಡೆಯ ಮೇಲಿಟ್ಟುಕೊಂಡು, ಈ ಸಲ ಕಣ್ಣಿನಿಂದ ನೋಡುತ್ತಾ ಬಿಡಿಸತೊಡಗಿದರು. ಒಂದೊಂದು ಎಳೆಯನ್ನೂ ಬೆಳಕಿಗೆ ಹಿಡಿದು ನೋಡಿದರು. ನೂಲಿನ ಕಾಲದ ಮಾತು ಒಂದರ ಹಿಂದೊಂದು ಬಂತು. ಎಂಟು ವರ್ಷದಲ್ಲಿ ಅಪ್ಪ ಇಷ್ಟು ಮಾತಾಡಿದ್ದನ್ನು ಕೇಳಿಲ್ಲ ಎಂದು ಸುಧಾ ಮೆಲ್ಲಗೆ ಹೇಳಿದಳು.

ಈಗ ಪ್ರತಿ ಭಾನುವಾರ ನಾವು ಆ ಕೆರೆಗೆ ಹೋಗುತ್ತೇವೆ. ಮೀನು ಇನ್ನೂ ಸಿಕ್ಕಿಲ್ಲ. ನಾನು ಎಸೆಯುತ್ತೇನೆ, ಗಂಟಾಗುತ್ತದೆ, ಮಾವ ಬಂಡೆಯ ಮೇಲೆ ಕೂತು ಬಿಡಿಸುತ್ತಾರೆ, ರೀಲಳಿಯ ಎಂದು ಬೈಯುತ್ತಾ ಮಧ್ಯಾಹ್ನದ ತನಕ ನೂಲಿನ ಕಥೆ ಹೇಳುತ್ತಾರೆ. ನನ್ನ ಹೆಬ್ಬೆಟ್ಟು ತಾರಸಿಯ ಮೇಲೆ ಈಗ ಒಂದು ಸಲವೂ ತಪ್ಪುವುದಿಲ್ಲ. ಕೆರೆಯ ದಡದಲ್ಲಿ ಮಾತ್ರ, ಅವರಿಗಾಗಿ, ನಾನು ಬೇಕೆಂದೇ ಎತ್ತುತ್ತೇನೆ. ಇದನ್ನು ಮೊನ್ನೆ ಸುಧಾಳಿಗೆ ಗುಟ್ಟಾಗಿ ಹೇಳಿದೆ. ಅವಳು ನನ್ನ ಕೈಯಿಂದ ಜಾರುತ್ತಿದ್ದ ಕಾಫಿ ಲೋಟವನ್ನು ಹಿಡಿದುಕೊಂಡು, "ರೀಲು ಬಿಡಬೇಡಿ" ಅಂದಳು.