ಎದುರಿಗೆ ಹಿರಿಯರು ಬಂದರೆ

ನಮ್ಮ ಸೋದರಮಾವ ಜರ್ಮನಿಯ ಒಂದು ದೊಡ್ಡ ಪಟ್ಟಣದ ಸಂಚಾರವನ್ನು ಒಬ್ಬರೇ, ಬರಿಗೈಯಲ್ಲಿ, ಮೂರು ಸಲ ನಿಲ್ಲಿಸಿದ್ದಾರೆ. ನಗಬೇಡಿ! ಅಲ್ಲಿಯ ಪೊಲೀಸರೇ ಇದಕ್ಕೆ ಸಾಕ್ಷಿ. ಪಟ್ಟಣದ ಹೆಸರನ್ನು ಮಾತ್ರ ಕೇಳಬೇಡಿ. ಮಾವ ಅದನ್ನು ಒಂದೊಂದು ಸಲ ಒಂದೊಂದು ಥರ ಹೇಳುತ್ತಿದ್ದರು.

ದಾವಣಗೆರೆಯ ಒಂದು ಬಟ್ಟೆ ಗಿರಣಿಯಲ್ಲಿ ಅವರು ಫಿಟ್ಟರ್. ಹೊಸ ಯಂತ್ರಗಳ ಕೆಲಸ ಕಲಿತು ಬರಲೆಂದು ಅರವತ್ತರ ದಶಕದ ಮೊದಲಲ್ಲಿ ಗಿರಣಿಯವರು ಅವರನ್ನು ಎಂಟು ತಿಂಗಳು ಜರ್ಮನಿಗೆ ಕಳಿಸಿದರು. ಅಲ್ಲಿ ಕಾರ್ಖಾನೆಗೆ ಓಡಾಡಲು ಒಂದು ಪುಟ್ಟ ಕಾರು ಕೊಟ್ಟರಂತೆ. ಬೇರೆಯವರಾಗಿದ್ದರೆ ಕೈಕಾಲು ನಡುಗುತ್ತಿದ್ದವು. ನಮ್ಮ ಮಾವ ನಡುಗುವುದುಂಟೆ? "ಸಂತೆ ದಿನ ಚೌಕಿಪೇಟೆಯಾಗೆ ಹತ್ತಿ ಲಾರಿ ಹೊಡೆದೋನು ನಾನು. ಜರ್ಮನಿ ಯಾವ ಲೆಕ್ಕ ಬಿಡಲೇ!"

ಆ ದೇಶದಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಓಡುತ್ತವೆ. ಮಾವನಿಗೆ ಅದು ಗೊತ್ತಾದದ್ದು ರಸ್ತೆಗೆ ಇಳಿದ ಮೇಲೆ. "ಇಡೀ ಊರೇ ರಾಂಗ್ ಸೈಡಿನಾಗೆ ಬರ್ತೈತಪ್ಪ! ಎಷ್ಟು ಮಂದಿಗೆ ಅಂತ ಬುದ್ಧಿ ಹೇಳಾದು? ಕೊನೀಗೆ ನಾನೇ ದೊಡ್ಡ ಮನಸ್ಸು ಮಾಡಿ ಆ ಕಡೀಗೆ ಹೋದೆ." ಮರೆಯಬಾರದೆಂದು "ಉಣ್ಣೋ ಕೈ, ಉಣ್ಣೋ ಕೈ" ಎಂದು ಜಪ ಮಾಡುತ್ತಾ ಕಾರು ಓಡಿಸಿದರಂತೆ. ಮಧ್ಯಾಹ್ನ ಕಾರ್ಖಾನೆಯಲ್ಲಿ ನೋಡಿದರೆ ಜರ್ಮನರೆಲ್ಲ ಎಡಗೈಯಲ್ಲಿ ಫೋರ್ಕು ಹಿಡಿದು ಉಣ್ಣುತ್ತಿದ್ದಾರೆ! "ಎಡಗೈಯಾಗೆ ಉಣ್ತಾರೆ, ಬಲಕ್ಕೆ ಹೋಗ್ತಾರೆ. ನನ್ನ ಜಪ ಎಲ್ಲಾ ನೀರಾಗೆ ಹೋತು!"

ಇನ್ನು ಹಾರನ್ನಿನ ಕಥೆ. ನಮ್ಮಲ್ಲಿ ಹಾರನ್ ಎಂದರೇನು? ಬಂದೆ ಕಣ್ರಪ್ಪಾ, ಹುಷಾರು ಎಂಬ ಮರ್ಯಾದೆಯ ಮಾತು. ಅಲ್ಲಿ ಅದು ಬೈಗುಳವಂತೆ! ಮಾವ ಒಂದು ಓಣಿಯಲ್ಲಿ ಮರ್ಯಾದೆಯಿಂದ ನಾಲ್ಕು ಸಲ ಹಾರನ್ ಒತ್ತಿದರು. ಮುಂದಿನ ಕಾರಿನಿಂದ ಕೆಂಪು ಮೋರೆಯ ಧಡಿಯನೊಬ್ಬ ಇಳಿದು ಬಂದು ಗಾಜು ಬಡಿದ. ಮಾವ ಗಾಜು ಇಳಿಸಿ, ಕೈಮುಗಿದು, ಅಚ್ಚ ಕನ್ನಡದಲ್ಲಿ "ಆರಾಮೇನ್ರಿ ಯಜಮಾನ್ರೆ? ಊಟ ಆತಾ?" ಎಂದು ವಿಚಾರಿಸಿದರು. ಬೈಯಲು ಬಂದವನು ಬೈಗುಳ ಮರೆತು, ಕೈಕುಲುಕಿ ಹೋದನಂತೆ.

ಸಂಚಾರ ನಿಂತದ್ದು ಇದರಿಂದಲ್ಲ. ನಮ್ಮ ಕಡೆ ಸೈಕಲ್ ಮೇಲೆ ಹೋಗುವಾಗ ಹಿರಿಯರು ಎದುರಾದರೆ ಇಳಿಯಬೇಕು. ಚಪ್ಪಲಿ ಬಿಟ್ಟು ಕೈಮುಗಿದು, ಅವರು ದಾಟಿದ ಮೇಲೆಯೇ ಮತ್ತೆ ಹತ್ತಬೇಕು. ಮಾವ ಈ ಪದ್ಧತಿಯನ್ನು ಕಾರಿಗೂ ಹಚ್ಚಿದರು. ತೊಂದರೆಯೇನೆಂದರೆ, ಆ ದೇಶದಲ್ಲಿ ಎಂಟು ವರ್ಷದ ಹುಡುಗಿಗೂ ದೂರದಿಂದ ಬಿಳಿ ಕೂದಲು! ಹೀಗಾಗಿ ಮಾವ ಫರ್ಲಾಂಗಿಗೆ ಒಮ್ಮೆ ಇಳಿದರು. ಬೂಟಿನ ದಾರ ಬಿಚ್ಚಿ ಮುಗಿಯುವಷ್ಟರಲ್ಲಿ ಹಿಂದೆ ಟ್ರಾಮು, ಲಾರಿ, ಕಾರು ಎಲ್ಲ ಸಾಲುಗಟ್ಟಿ ನಿಂತಿದ್ದವು. ಪೊಲೀಸನೊಬ್ಬ ಓಡಿ ಬಂದ. ಅವನೂ ನರೆಗೂದಲಿನವನೇ. ಮಾವ ಅವನಿಗೂ ಕೈಮುಗಿದರು! ಮೂರನೆಯ ಸಲ ಹೀಗಾದಾಗ ಅವರ ಲೈಸೆನ್ಸನ್ನು ಕಿತ್ತುಕೊಂಡರಂತೆ. "ಹೋದ್ರೆ ಹೋಗ್ಲಿ, ಕಾಲು ಅದಾವಲ್ಲ" ಎಂದು ಮಾವ ಉಳಿದ ತಿಂಗಳುಗಳನ್ನೆಲ್ಲ ನಡೆದೇ ಕಳೆದರು.

ಈ ಕಥೆಗಳಿಗೆ ನಾನು ಬಿದ್ದು ಬಿದ್ದು ನಗುತ್ತಿದ್ದೆ, ನನ್ನ ಬುಡಕ್ಕೇ ಬರುವವರೆಗೆ! ಬಿ.ಎ. ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತು ಉಂಡಿದ್ದೆ. ಹರಿಹರದ ಒಂದು ಕಾರ್ಖಾನೆಯಿಂದ ಕೊನೆಗೂ ಸಂದರ್ಶನಕ್ಕೆ ಪತ್ರ ಬಂತು, ಬೆಳಿಗ್ಗೆ ಹತ್ತಕ್ಕೆ. ಮಾವ ಆಗಷ್ಟೇ ಮೂರು ಕೈ ದಾಟಿದ ಹಳೇ ಕಾರೊಂದನ್ನು ಕೊಂಡಿದ್ದರು. "ಬಸ್ಸು ಯಾಕ ಅಳಿಯಾ? ನಾ ಇಲ್ಲೇನು? ಒಂಬತ್ತು ಮೈಲಿ, ಕಣ್ಮುಚ್ಚಿ ತೆಗೆಯಾದ್ರಾಗೆ ಹರಿಹರ!"

ಕಣ್ಣನ್ನೇನೋ ಮುಚ್ಚಿದೆ. ತೆರೆದಾಗ ಕಾರು ಊರೂ ದಾಟಿರಲಿಲ್ಲ! ಮಾವ ಕೆಳಗಿಳಿದು ಒಬ್ಬ ಅಜ್ಜಿಗೆ ಕೈಮುಗಿಯುತ್ತಿದ್ದರು. ನಡುದಾರಿಯ ಬಾತಿ ಎಂಬ ಹಳ್ಳಿ ತಲುಪುವಷ್ಟರಲ್ಲಿ ಏಳು ಜನ ಹಿರಿಯರು. ಒಬ್ಬರಂತೂ ಕ್ಷೇಮಸಮಾಚಾರ ಮುಗಿಸಿ ಜೋಳದ ಬೆಳೆಗೆ ಬಂದರು. ಗಡಿಯಾರದಲ್ಲಿ ಒಂಬತ್ತೂ ಮುಕ್ಕಾಲು.

ನನಗೆ ತಡೆಯಲಾಗಲಿಲ್ಲ. "ನಿಮ್ಮ ಹುಚ್ಚಿಗೆ ನನ್ನ ಕೆಲಸ ಹೋಗ್ತೈತ್ರಿ ಮಾವ! ಜರ್ಮನಿಯೋರು ಲೈಸೆನ್ಸ್ ಕಿತ್ಕಂಡಿದ್ದೇ ಸರಿ!"

ಮಾವ ನಗಲಿಲ್ಲ. ಕಾರನ್ನು ಮುಂದಕ್ಕೆ ಬಿಟ್ಟು ಹೇಳಿದರು:

"ಗಿರಣಿ ಸೇರಿದ ಹೊಸದು ಅಳಿಯಾ. ಹೊಸ ಸೈಕಲ್ಲು, ಜೊತೀಗೆ ನಾಕು ಮಂದಿ ಗೆಳೆಯರು. ಮಾಯಕೊಂಡದ ಕಡೆಯಿಂದ ನಮ್ಮಪ್ಪ ತಲೆ ಮ್ಯಾಲೆ ಗಂಟು ಹೊತ್ಕಂಡು ನಡಕಂತ ಬರ್ತಿದ್ದ. ಹರಿದ ಅಂಗಿ. ನನಗೆ ನಾಚಿಕೆ ಆತು. ತಲೆ ಬಗ್ಗಿಸಿ ಜೋರಾಗಿ ತುಳಿದುಬಿಟ್ಟೆ. ಅವನಿಗೆ ನನ್ನ ಗುರುತು ಸಿಕ್ತು. ಆದ್ರೂ ಕರೀಲಿಲ್ಲ. ಪಕ್ಕಕ್ಕೆ ಸರಿದು, ನನಗೇ ದಾರಿ ಬಿಟ್ಟ." ಗೇರು ಬದಲಿಸಿದರು. "ಎಂಟು ದಿನಕ್ಕೆ ಹೋಗಿಬಿಟ್ಟ. ಕೊನೀಗೆ ನೋಡಿದ್ದು ಅದೇ. ಈಗ ಯಾರಿಗೆ ಇಳೀಲಿ?"

ನಾನಾಡಿದ ಮಾತಿಗೆ ನಾಲಿಗೆ ಕಚ್ಚಿಕೊಳ್ಳಬೇಕೆನಿಸಿತು.

ಹರಿಹರ ಇನ್ನೊಂದು ಮೈಲಿ ಇದ್ದಾಗ ಎದುರಿಗೆ ಒಬ್ಬ ಮುದುಕ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ. ಮಾವ ಗಡಿಯಾರ ನೋಡಿದರು. ನನ್ನ ಮುಖ ನೋಡಿದರು. ಬ್ರೇಕು ಒತ್ತಲಿಲ್ಲ! ಜರ್ಮನಿಯ ಪೊಲೀಸರಿಗೂ ಬಗ್ಗದ ಮನುಷ್ಯ ನನ್ನ ಕೆಲಸಕ್ಕಾಗಿ, ತುಟಿ ಬಿಗಿಹಿಡಿದು, ಕಾರನ್ನು ಜೋರು ಮಾಡಿದರು. ಮುದುಕ ನಮಗೆ ದಾರಿ ಬಿಡಲು ಹೊರೆಸಮೇತ ಪಕ್ಕಕ್ಕೆ ಸರಿದು ನಿಂತ.

"ನಿಲ್ಲಿಸ್ರಿ ಮಾವ!" ಎಂದು ಕೂಗಿದೆ. ಕಾರು ನಿಂತಿತು. ಆ ಕೆಲಸ ಬೇರೊಬ್ಬನ ಪಾಲಾಯಿತು. ನನಗೆ ಮರುವರ್ಷ ಬೇರೆ ಕಡೆ ಸಿಕ್ಕಿತು, ಅದಿರಲಿ. ನಾನು ಚಪ್ಪಲಿ ಬಿಟ್ಟು ಹಿಂದಕ್ಕೆ ಓಡಿದೆ.

"ಯಾಕಪ್ಪಾ, ಗಾಡಿ ಕೆಟ್ಟೈತಾ? ತಳ್ಳಾಕೆ ಬರ್ಲಾ?" ಎಂದು ಮುದುಕ ಹೊರೆ ಇಳಿಸತೊಡಗಿದ.

"ಬ್ಯಾಡ ಅಜ್ಜಾರೆ, ಗಾಡಿ ಚಲೋ ಐತ್ರಿ. ನಮ್ಮ ಮಾವ ನಿಮಗೆ ಕೈಮುಗಿಯೋದು ಬಾಕಿ ಇತ್ತು."

ತಿರುಗಿ ನೋಡಿದೆ. ಮಾವ ಕಾರಿನ ಬಾಗಿಲನ್ನೂ ಮುಚ್ಚದೆ, ಬರಿಗಾಲಲ್ಲಿ ಓಡಿ ಬರುತ್ತಿದ್ದರು.