ಸರ್ವೋತ್ತಮನ ಕಂಟ್ರೋಲ್ ಕೀ

ಸರ್ವೋತ್ತಮನ ಆ ಶುಕ್ರವಾರ ಹಾಳಾದದ್ದು ಒಂದು ಸಣ್ಣ ಕೀಯಿಂದ. ಕಂಪ್ಯೂಟರಿನ ಕೀಬೋರ್ಡಿನ ಎಡಬದಿಯಲ್ಲಿ, ಮದುವೆ ಮನೆಗೆ ಬಂದ ಬಡ ನೆಂಟನ ಹಾಗೆ ಯಾರ ತಂಟೆಗೂ ಹೋಗದೆ ಕೂತಿದ್ದ ಆ ಕೀಯ ಹೆಸರು ಕಂಟ್ರೋಲ್. ಅದೊಂದನ್ನೇ ಒತ್ತಿದರೆ ಏನೂ ಆಗುವುದಿಲ್ಲ. ಅದನ್ನು ಒತ್ತಿ ಹಿಡಿದು ಇನ್ನೆರಡು ಅಕ್ಷರ ಒತ್ತಿದರೆ ಅರ್ಧ ದಿನದ ಕೆಲಸ ಅರೆಗಳಿಗೆಯಲ್ಲಿ ಮುಗಿಯುತ್ತದೆ.

ಅದು ಎಂಬತ್ತೆಂಟನೇ ಇಸವಿ. ಪುತ್ತೂರಿನ ಒಂದು ಸಹಕಾರಿ ಸಂಘಕ್ಕೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಆಗ ಕಂಪ್ಯೂಟರ್ ಎಂದರೆ ಈಗಿನ ಹಾಗೆ ಮೇಜಿನ ಮೇಲೆ ಧೂಳು ತಿನ್ನುತ್ತಾ ಬಿದ್ದಿರುವ ಸಾಮಾನಲ್ಲ. ಅದಕ್ಕೆ ಬೇರೆ ಕೋಣೆ, ಕೋಣೆಗೆ ಗಾಜಿನ ಬಾಗಿಲು, ಬಾಗಿಲಾಚೆ ಚಪ್ಪಲಿ ಬಿಡುವ ಜಾಗ. ಎ.ಸಿ. ಇದ್ದದ್ದು ಸೆಕ್ರೆಟರಿಗಲ್ಲ, ಕಂಪ್ಯೂಟರಿಗೆ. ಕಪ್ಪು ಪರದೆಯಲ್ಲಿ ಹಸುರು ಅಕ್ಷರಗಳು ಮೂಡುವುದನ್ನು ನೋಡಲು ಸಂಘದ ಸದಸ್ಯರು ಬೆಟ್ಟಂಪಾಡಿಯಿಂದ ಮಕ್ಕಳನ್ನು ಕರಕೊಂಡು ಬರುತ್ತಿದ್ದರು. ಪ್ರಿಂಟರು ಚಾಲೂ ಆದರೆ ಮರದ ಮಿಲ್ಲಿನಲ್ಲಿ ತೇಗ ಸೀಳಿದ ಹಾಗೆ ಸದ್ದು. ಸಂಜೆಯಾದರೆ ಎಲ್ಲದಕ್ಕೂ ಹೂವಿನ ಚಿತ್ರದ ಬಟ್ಟೆ ಹೊದೆಸಿ, ಮಗುವನ್ನು ಮಲಗಿಸಿದಂತೆ ಬಾಗಿಲು ಮೆಲ್ಲಗೆ ಎಳೆದುಕೊಂಡು ಬರಬೇಕು.

ಆ ಕೋಣೆಯ ಅರ್ಚಕ ಸರ್ವೋತ್ತಮ. ಸಂಘದ ಟೈಪಿಸ್ಟ್. ಮಂಗಳೂರಿನಲ್ಲಿ ತರಬೇತಿ ಪಡೆದು ಬಂದವನು. ಉಳಿದವರು ಬಾಣದ ಗುರುತಿನ ಕೀ ಒತ್ತುತ್ತಾ ಪರದೆಯಲ್ಲಿ ಬಸವನಹುಳದಂತೆ ತೆವಳುವುದನ್ನು ಕಲಿತಿದ್ದರೆ, ಇವನು ಕಂಟ್ರೋಲ್ ಹಿಡಿದು ಒತ್ತುವ ಅಕ್ಷರಗಳನ್ನೆಲ್ಲ ಬಾಯಿಪಾಠ ಮಾಡಿದ್ದ. ಕೆಲಸ ಮಾಡುವಾಗ "ಕಂಟ್ರೋಲ್ ಕೆ ಬಿ, ಕಂಟ್ರೋಲ್ ಕೆ ಕೆ" ಎಂದು ಅವನ ತುಟಿ ಅಲ್ಲಾಡುತ್ತಿದ್ದರೆ, ಹೊರಗಿನಿಂದ ನೋಡಿದವರಿಗೆ ಅಷ್ಟೋತ್ತರ ಹೇಳಿದಂತೆ ಕಾಣುತ್ತಿತ್ತು.

ಆ ಶುಕ್ರವಾರ ಅವನಿಗೆ ಮಧ್ಯಾಹ್ನವೇ ಹೊರಡಬೇಕಿತ್ತು. ಗುತ್ತಿಗಾರಿನಲ್ಲಿ ಹುಡುಗಿ ನೋಡುವುದಿತ್ತು. ಹುಡುಗಿ ದಮಯಂತಿ, ನಿವೃತ್ತ ಹೆಡ್‌ಮಾಸ್ಟ್ರು ಸಂಕಪ್ಪನವರ ಮಗಳು. ಸರ್ವೋತ್ತಮನಿಗೆ ಅವಳು ಗುರುತಿಲ್ಲದವಳೇನಲ್ಲ. ಹಿಂದೆ ಪುತ್ತೂರಿನ ಟೈಪಿಂಗ್ ಕ್ಲಾಸಿನಲ್ಲಿ ಕಿಟಕಿಯ ಪಕ್ಕದ ಮಿಷನ್ ಅವಳದ್ದು, ಅದರ ಹಿಂದಿನದ್ದು ಇವನದ್ದು. ಹೆಂಚಿನ ಮಾಡಿನ ಆ ಉದ್ದ ಕೋಣೆಯಲ್ಲಿ ಅಷ್ಟೂ ಮಿಷನುಗಳು ಒಟ್ಟಿಗೆ ಎ ಎಸ್ ಡಿ ಎಫ್ ಕುಟ್ಟುವಾಗ, ಅವುಗಳಲ್ಲಿ ಅವಳ ಬೆರಳಿನ ಸದ್ದು ಯಾವುದೆಂದು ಇವನು ಕಣ್ಣು ಮುಚ್ಚಿ ಹೇಳಬಲ್ಲವನಾಗಿದ್ದ. ಮಾತಾಡಿದ್ದು ಮಾತ್ರ ಒಂದೇ ಸಲ. ಅವಳು "ರಬ್ಬರ್ ಉಂಟಾ?" ಎಂದಿದ್ದಳು. ಇವನು ಗಾಬರಿಯಲ್ಲಿ "ಇಲ್ಲ" ಎಂದಿದ್ದ. ಕಿಸೆಯಲ್ಲಿ ಇತ್ತು.

ಈಗ ಸೋದರಮಾವನ ಮೂಲಕ ಅದೇ ಸಂಬಂಧ ಬಂದಿತ್ತು. ಮಾಸ್ಟ್ರದ್ದು ಒಂದೇ ಷರತ್ತು: ಹುಡುಗನ ವಿವರ ಇಂಗ್ಲಿಷಿನಲ್ಲಿ, ಟೈಪು ಮಾಡಿ ತರಬೇಕು. ಸರ್ವೋತ್ತಮ ಒಂದು ವಾರ ಬೆವರು ಸುರಿಸಿ, ಡಿಕ್ಷನರಿ ನೋಡಿ, ತನ್ನ ಗುಣನಡತೆಗಳನ್ನು ತಾನೇ ನಂಬಲಾರದಷ್ಟು ಚಂದ ಮಾಡಿ ಬರೆದು ಪ್ರಿಂಟು ತೆಗೆದು ಕಿಸೆಯಲ್ಲಿಟ್ಟುಕೊಂಡಿದ್ದ.

ಆಫೀಸಿನಲ್ಲಿ ನಿಜ ಹೇಳಿದರೆ ನೂರು ಬಾಯಿ, ಇನ್ನೂರು ಸಲಹೆ. ಅದಕ್ಕೇ ಬೆಳಿಗ್ಗೆ ಸೆಕ್ರೆಟರಿ ಕೃಷ್ಣಮೋಹನ ಭಟ್ಟರ ಎದುರು ಕೆನ್ನೆಗೆ ಕೈಯಿಟ್ಟು ನಿಂತ.

"ಸರ್, ಹಲ್ಲುನೋವು. ಮಧ್ಯಾಹ್ನದ ಮೇಲೆ ರಜೆ ಬೇಕಿತ್ತು."

"ಮಹಾಸಭೆಯ ವರದಿ ಮುಗಿಸಿ ಹೋಗಿ ಮಾರಾಯ್ರೆ," ಎಂದರು ಭಟ್ಟರು. "ಮತ್ತೆ ಆ ಹಲ್ಲಿಗೆ ಪೇರಳೆ ಚಿಗುರು ಜಗಿಯಿರಿ. ಡಾಕ್ಟ್ರ ಹತ್ರ ಹೋಗಿ ಎಂತ ಮಾಡ್ಲಿಕ್ಕುಂಟು?"

ಹೇಳಿ ಬಿಡುವ ಜನವಲ್ಲ ಅವರು. ಸಂಘದ ಹಿತ್ತಲಿನ ಪೇರಳೆ ಮರದಿಂದ ತಾವೇ ಒಂದು ಹಿಡಿ ಚಿಗುರು ಕಿತ್ತು ತಂದುಕೊಟ್ಟರು. ಹೆಡ್‌ಕ್ಲಾರ್ಕ್ ಪಂಕಜಾಕ್ಷಿ "ಲವಂಗಕ್ಕಿಂತ ಮದ್ದಿಲ್ಲ" ಎಂದು ತನ್ನ ಚೀಲದಿಂದ ಲವಂಗ ತೆಗೆದು ಅವನ ಬಾಯೊಳಗೇ ಇಟ್ಟಳು. ಒಂದು ದವಡೆಯಲ್ಲಿ ಚಿಗುರು, ಇನ್ನೊಂದರಲ್ಲಿ ಲವಂಗ. ಯಾವ ಬದಿಯ ಹಲ್ಲು ಎಂದು ಯಾರಾದರೂ ಕೇಳಿದರೆ ಹಿಂದಿನವರಿಗೆ ಯಾವ ಬದಿ ಹೇಳಿದ್ದೆಂದು ಅವನಿಗೇ ನೆನಪಿರುತ್ತಿರಲಿಲ್ಲ.

ವರದಿಯೇನೂ ಕಷ್ಟವಾಗಲಿಲ್ಲ. ಹೋದ ವರ್ಷದ್ದನ್ನು ತೆರೆದ, ಬೇಕಾದ ಪ್ಯಾರಾಗಳನ್ನು ಗುರುತು ಹಾಕಿ ಎತ್ತಿ ಇಟ್ಟ, ಬೇಡದ್ದನ್ನು ಒಂದೇ ಒತ್ತಿಗೆ ಅಳಿಸಿದ. ಬೆಳಿಗ್ಗೆ ಆಫೀಸಿಗೆ ಹಾಲು ತಂದುಕೊಟ್ಟವನು ವಾಪಸ್ ಮನೆ ಸೇರುವ ಮೊದಲೇ ವರದಿ ಭಟ್ಟರ ಮೇಜಿನ ಮೇಲಿತ್ತು.

ಭಟ್ಟರು ಕನ್ನಡಕದ ಮೇಲಿನಿಂದ ನೋಡಿದರು. "ಇಷ್ಟು ಬೇಗವಾ? ಬೇಗ ಬೆಂದ ಅನ್ನ ಒಳಗೆ ಅಕ್ಕಿಯೇ. ಇನ್ನೊಮ್ಮೆ ಮಾಡಿ ತನ್ನಿ."

ಸರ್ವೋತ್ತಮ ಕೋಣೆಗೆ ಹೋಗಿ ಎ.ಸಿ.ಯ ಗಾಳಿಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತು, ಅದನ್ನೇ ಮತ್ತೆ ಪ್ರಿಂಟು ತೆಗೆದು, ಹಣೆ ಒರೆಸಿಕೊಳ್ಳುತ್ತಾ ತಂದುಕೊಟ್ಟ.

"ನೋಡಿ," ಎಂದರು ಭಟ್ಟರು ತೃಪ್ತಿಯಿಂದ. "ಈಗ ಸರಿಯಾಯ್ತು."

ಅವನು ಹಿಂದಿರುಗಿ ಬರುವಾಗ ಗಾಜಿನ ಬಾಗಿಲ ಹೊರಗೆ ಪಂಕಜಾಕ್ಷಿ ಚಪ್ಪಲಿ ಬಿಚ್ಚುತ್ತಿದ್ದಳು. ಕೈಯಲ್ಲೊಂದು ಚೀಟಿ.

"ಸರ್ವೋತ್ತಮ, ನಂದೊಂದು ಸಣ್ಣ ಕೆಲಸ ಉಂಟು. ನನ್ನ ಅಕ್ಕನ ಮಗ ಚಿತ್ತರಂಜನ, ಈಶ್ವರಮಂಗಲದಲ್ಲಿ ದಿನಸಿ ಅಂಗಡಿ. ಅವನಿಗೆ ಒಂದು ಕಡೆ ಹುಡುಗಿ ನೋಡ್ಲಿಕ್ಕುಂಟು. ಟೈಪು ಮಾಡಿದ ಬಯೋಡಾಟಾವೇ ಬೇಕಂತೆ ಅವರಿಗೆ."

ಚೀಟಿಯಲ್ಲಿ ಹೆಸರು, ಹುಟ್ಟಿದ ತಾರೀಕು, ಮನೆತನ, ಎಸ್ಸೆಸ್ಸೆಲ್ಸಿ, ಅಂಗಡಿ. ಅಷ್ಟೇ.

"ಗುಣನಡತೆ ಎಂತ ಹಾಕುದು ಪಂಕಜಾಕ್ಷಕ್ಕ?"

"ಅದೆಲ್ಲ ನೀನೇ ಸ್ವಲ್ಪ ಚಂದ ಮಾಡಿ ಹಾಕು. ಒಳ್ಳೆ ಹುಡುಗ ಮಾರಾಯ. ನಿಂಗೆ ಎರಡು ಕೀ ಒತ್ತಿದ್ರೆ ಆಯ್ತಲ್ಲ?"

ಎರಡಲ್ಲ, ಮೂರು. ಸರ್ವೋತ್ತಮನ ವಿವರ ಕಂಪ್ಯೂಟರಿನಲ್ಲೇ ಇತ್ತು. ಮತ್ತೊಬ್ಬನ ಗುಣಗಳಿಗಾಗಿ ಮತ್ತೆ ಡಿಕ್ಷನರಿ ಹುಡುಕುವುದು ಯಾರು? ತನ್ನದರ ಮೊದಲಿಗೊಂದು ಗುರುತು, ಕೊನೆಗೊಂದು ಗುರುತು ಹಾಕಿ ಕಂಟ್ರೋಲ್ ಹಿಡಿದು ಕೆ, ಸಿ ಒತ್ತಿದ. ಅಚ್ಚು ಅದೇ ರೂಪದ ಇನ್ನೊಂದು ಕೆಳಗೆ ಬಂದು ಕೂತಿತು. ಹೆಸರು ಬದಲಾಯಿಸಿದ, ಮನೆತನ ಬದಲಾಯಿಸಿದ, ಟೈಪಿಸ್ಟ್ ಎಂದಿದ್ದಲ್ಲಿ ಅಂಗಡಿಯ ಮಾಲಕ ಎಂದು ಹಾಕಿದ. ಅಷ್ಟರಲ್ಲಿ ಭಟ್ಟರು ಕರೆದರು. ಅದೊಂದನ್ನೇ ಪ್ರಿಂಟಿಗೆ ಕೊಟ್ಟು ಓಡಿದ.

ಭಟ್ಟರು ಕರೆದದ್ದು ಮತ್ತೊಂದು ಹಿಡಿ ಪೇರಳೆ ಚಿಗುರು ಕೊಡಲಿಕ್ಕೆ.

ಮರಳಿ ಬರುವಾಗ ಪಂಕಜಾಕ್ಷಿ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿ ಹೊರಟು ನಿಂತಿದ್ದಳು. "ಎಷ್ಟು ಚಂದ ಬಂದಿದೆ ಮಾರಾಯ! ನಾನು ಅರ್ಧ ದಿನ ರಜೆ ಹಾಕಿದ್ದೇನೆ. ಸದಸ್ಯರ ನೋಟೀಸು ಮೇಜಿನ ಮೇಲೆ ಉಂಟು. ಒಂದೊಂದರಲ್ಲಿ ಹೆಸರು ಮಾತ್ರ ಬದಲು. ನಿಂಗೆ ಎಂತ, ಎರಡು ಕೀ."

"ಅಕ್ಕ, ನಂಗೆ ಹಲ್ಲು..." ಎನ್ನುವಷ್ಟರಲ್ಲಿ ಅವಳು ಮೆಟ್ಟಿಲಿಳಿದಾಗಿತ್ತು.

ಕೀ ಎರಡೇ ಇರಬಹುದು, ಪ್ರಿಂಟರು ಒಂದೇ. ಅಂಚಿನಲ್ಲಿ ತೂತುಗಳಿದ್ದ ಆ ಉದ್ದ ಕಾಗದ ಓರೆಯಾಗಿ ಹೋಗಿ ಒಳಗೆ ಸಿಕ್ಕಿಕೊಂಡಿತು. ಸರ್ವೋತ್ತಮ ಎಳೆದ, ಅರ್ಧ ಬಂತು. ಉಳಿದರ್ಧವನ್ನು ತೆಗೆಯಲು ಕವಚ ಬಿಚ್ಚಿದ. ರಿಬ್ಬನ್ನು ಬಳ್ಳಿಯಂತೆ ಕೈಗೆ ಸುತ್ತಿಕೊಂಡಿತು. ಎಲ್ಲ ಸರಿ ಮಾಡಿ, ಕೊನೆಯ ನೋಟೀಸು ಹರಿದಿಟ್ಟು ಅವನು ಬಸ್‌ಸ್ಟ್ಯಾಂಡಿಗೆ ಓಡುವಾಗ ಸುಳ್ಯದ ಬಸ್ಸು ಹೋಗಿ, ಅದರ ಹೊಗೆಯೂ ಹೋಗಿತ್ತು. ಮುಂದಿನ ಬಸ್ಸಿನಲ್ಲಿ ಕಂಬ ಹಿಡಿದು ನಿಂತೇ ಹೋದ.

ಸುಳ್ಯದಲ್ಲಿ ಕಾಯುತ್ತೇನೆಂದಿದ್ದ ಸೋದರಮಾವನ ಪತ್ತೆ ಇಲ್ಲ. ಗುತ್ತಿಗಾರಿಗೆ ಹೋಗುವ ಬಾಡಿಗೆ ಜೀಪಿನ ರವೂಫ್ ಇವನನ್ನು ಕಂಡವನೇ ಹೇಳಿದ:

"ಪುತ್ತೂರಿನ ಅಳಿಯ ನೀವೇವಾ? ಒಬ್ರು ಕೊಡೆ ಹಿಡ್ಕೊಂಡು ನಿಮ್ಮನ್ನು ಬೈತಾ ಬೈತಾ ಇಲ್ಲೇ ಕಾಯ್ತಾ ಇದ್ರು. ಆಗ ವಾಪಸ್ ಹೋದ್ರು. ಹತ್ತಿ, ಹತ್ತಿ. ಮಾಸ್ಟ್ರ ಮನೆ ಅಲ್ವಾ? ನಾನೇ ಬಿಡ್ತೇನೆ. ಅಣ್ಣ, ನಿಮ್ಮ ಹಲ್ಲು ಎಂತ ಹಸುರು?"

ಸರ್ವೋತ್ತಮ ಬಾಯಿ ಮುಚ್ಚಿಕೊಂಡ.

ಮಾಸ್ಟ್ರ ಮನೆಯ ಅಂಗಳಕ್ಕೆ ಕಾಲಿಟ್ಟವನು ಅಲ್ಲೇ ಕಲ್ಲಾದ. ಚಾವಡಿಯ ಬೆತ್ತದ ಕುರ್ಚಿಯಲ್ಲಿ ಇಸ್ತ್ರಿ ಅಂಗಿ ಹಾಕಿದ ಗುಂಡು ಮುಖದ ಹುಡುಗನೊಬ್ಬ ಹಿಟ್ಟಿನಲ್ಲಿ ಅದ್ದಿ ಕರಿದ ಬಾಳೆಹಣ್ಣಿನ ಪೋಡಿ ತಿನ್ನುತ್ತಿದ್ದ. ಅವನ ಪಕ್ಕದಲ್ಲಿ ಪಂಕಜಾಕ್ಷಿ.

"ಅಯ್ಯೋ! ಸರ್ವೋತ್ತಮ! ನೀನು ಎಂತ ಇಲ್ಲಿ? ನಿಂಗೆ ಹಲ್ಲುನೋವಲ್ವಾ?"

"ಕಡಿಮೆ ಆಯ್ತು," ಎಂದ.

ಸಂಕಪ್ಪ ಮಾಸ್ಟ್ರು ಗಡಿಯಾರ ನೋಡಿ, ಇವನನ್ನು ನೋಡಿ, ಕೂರಲು ಸನ್ನೆ ಮಾಡಿದರು. ಕಾಫಿ ತಂದ ದಮಯಂತಿ ಇವನ ಮುಂದೆ ಒಂದು ಕ್ಷಣ ನಿಂತಳು. ಗುರುತು ಹಿಡಿದಳು ಎಂದು ಅವನಿಗೆ ಅನಿಸಿತು. ಎದೆ ಟೈಪ್ ಮಿಷನಿನಂತೆ ಕುಟ್ಟತೊಡಗಿತು. ಪೋಡಿಗೆ ಕೈಹಾಕುವಾಗ ಪಂಕಜಾಕ್ಷಿ ತಟ್ಟೆಯನ್ನೇ ಸರಿಸಿದಳು. "ಅವನಿಗೆ ಕೊಡ್ಬೇಡಿ. ಹಲ್ಲು ಪೂರ್ತಿ ಗುಣ ಆಗ್ಲಿಲ್ಲ."

"ಬಯೋಡಾಟಾ?" ಎಂದರು ಮಾಸ್ಟ್ರು.

ಕೊಟ್ಟ. ಅವರು ಓದಿದರು. ಇನ್ನೊಮ್ಮೆ ಓದಿದರು. ಮೇಜಿನ ಮೇಲಿದ್ದ ಚಿತ್ತರಂಜನನ ಹಾಳೆಯನ್ನು ಎತ್ತಿ ಪಕ್ಕದಲ್ಲಿಟ್ಟುಕೊಂಡರು. ಜೀವಮಾನವೆಲ್ಲ ಪರೀಕ್ಷೆಯ ಹಾಲಿನಲ್ಲಿ ಬೆಂಚುಗಳ ನಡುವೆ ತಿರುಗಾಡಿದ ಕಣ್ಣು ಅದು. ಅದರಲ್ಲಿ ಹಳೆಯ ಹೊಳಪು ಬಂತು.

"ಇದೂ ಪ್ರಾಮಾಣಿಕ, ಅದೂ ಪ್ರಾಮಾಣಿಕ. ಇದೂ ಹಿರಿಯರ ಮಾತು ಮೀರದವ, ಅದೂ ಮೀರದವ. ಅಕ್ಷರಕ್ಕೆ ಅಕ್ಷರ ಒಂದೇ! ಸರಿ, ಗುಣ ಒಂದೇ ಇರ್ಬಹುದು. ತಪ್ಪು ಒಂದೇ ಇರ್ತದಾ? ಕ್ಯಾರೆಕ್ಟರ್ ಅನ್ನುವ ಶಬ್ದಕ್ಕೆ ಇವರು ಎಚ್ ಹಾಕ್ಲಿಲ್ಲ. ನಿಮ್ಮ ಕ್ಯಾರೆಕ್ಟರಿನಲ್ಲಿಯೂ ಎಚ್ ಇಲ್ಲ!"

ಸರ್ವೋತ್ತಮನಿಗೆ ಆಗ ಎಲ್ಲ ಹೊಳೆಯಿತು. "ಸರ್, ಎರಡೂ ಟೈಪು ಮಾಡಿದ್ದು ನಾನೇ."

"ಹೌದು ಮಾಸ್ಟ್ರೆ," ಎಂದು ಪಂಕಜಾಕ್ಷಿ ಅವನ ಸಹಾಯಕ್ಕೆ ಬಂದಳು. "ಇವತ್ತು ಬೆಳಿಗ್ಗೆ ನಾನೇ ಮಾಡಿಸಿದ್ದು ಅವನ ಕೈಯಿಂದ."

"ಹಾಗೆ ಹೇಳಿ! ಇವರದ್ದನ್ನು ಟೈಪು ಮಾಡ್ತಾ ಮಾಡ್ತಾ ಇವರ ಗುಣವನ್ನೆಲ್ಲ ನಿಮ್ಮ ಕಾಗದಕ್ಕೆ ಇಳಿಸಿಕೊಂಡ್ರಿ."

"ಅಲ್ಲ ಸರ್, ಮೊದಲು ಇದ್ದದ್ದು ನಂದು. ಅದನ್ನೇ ಇವರಿಗೆ... ಕಂಪ್ಯೂಟರಿನಲ್ಲಿ ಬೇಗ ಆಗ್ಲಿಕ್ಕೆ ಒಂದು ದಾರಿ ಉಂಟು ಸರ್. ಕಂಟ್ರೋಲ್ ಹಿಡಿದು ಕೆ ಒತ್ತಿ, ಮತ್ತೆ ಸಿ ಒತ್ತಿದ್ರೆ ಆಯ್ತು."

"ಸಿ ಅಂದ್ರೆ ಎಂತ?"

ಸರ್ವೋತ್ತಮ ಉಗುಳು ನುಂಗಿದ. ಲವಂಗವೂ ಒಳಗೆ ಹೋಯಿತು.

"ಕಾಪಿ, ಸರ್."

ಮಾಸ್ಟ್ರು ಕುರ್ಚಿಯಿಂದ ಎದ್ದೇ ಬಿಟ್ಟರು. "ಒಪ್ಪಿಕೊಂಡ! ನನ್ನ ಸರ್ವೀಸಿನಲ್ಲಿ ಇಷ್ಟು ಬೇಗ ಒಪ್ಪಿಕೊಂಡವ ಯಾರೂ ಇಲ್ಲ! ತಡವಾಗಿ ಬಂದದ್ದು, ಹಲ್ಲುನೋವು ಅಂತ ಸುಳ್ಳು ಹೇಳಿ ರಜೆ ಹಾಕಿದ್ದು, ಅದರ ಮೇಲೆ ಕಾಪಿ!"

ದಮಯಂತಿ ಬಾಗಿಲ ಮರೆಯಿಂದ "ಅಪ್ಪಾ, ಇವರು ಆ ಟೈಪಿಂಗ್ ಕ್ಲಾಸಿನಲ್ಲಿ..." ಎಂದಳು.

"ನೀನು ಒಳಗೆ ಹೋಗು," ಎಂದರು ಮಾಸ್ಟ್ರು. ಸರ್ವೋತ್ತಮನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅವನ ಕೈಗೇ ಕೊಟ್ಟರು. ಕಾಪಿ ಹೊಡೆದವನನ್ನು ಪರೀಕ್ಷೆಯ ಹಾಲಿನಿಂದ ಹೊರಗೆ ಕಳಿಸುವ ರೀತಿ ಅದು. ಅವನು ಅಂಗಳ ದಾಟಿ, ಗದ್ದೆಯ ಬದಿಯ ಕಟ್ಟೆಯ ಮೇಲೆ ಒಬ್ಬನೇ ಕೂತ. ಒಳಗಿನಿಂದ ನಗು ಕೇಳಿತು. ಇನ್ನೊಂದು ಸುತ್ತು ಪೋಡಿ ಕರಿದ ಪರಿಮಳ ಬಂತು. ರಬ್ಬರ್ ಉಂಟಾ ಎಂದು ಕೇಳಿದ ದಿನ ಉಂಟು ಎಂದಿದ್ದರೆ, ಎಂದು ಯೋಚಿಸುತ್ತಾ ಕೂತ.

ಸಂಜೆ ಸುಳ್ಯಕ್ಕೆ ಹೋಗಲು ಇದ್ದದ್ದು ರವೂಫನ ಜೀಪೊಂದೇ. ಮುಂದಿನ ಸೀಟಿನಲ್ಲಿ ಪಂಕಜಾಕ್ಷಿ. ಹಿಂದೆ ಜನ ತುಂಬಿ, ಮೆಟ್ಟಿಲ ಮೇಲೆ ಕಬ್ಬಿಣ ಹಿಡಿದು ನೇತಾಡುವವರಲ್ಲಿ ಸರ್ವೋತ್ತಮ ಒಬ್ಬ, ಅವನಿಗೆ ಅಂಟಿಕೊಂಡು ಚಿತ್ತರಂಜನ ಇನ್ನೊಬ್ಬ.

"ನಿಮ್ಮ ಉಪಕಾರ ಮರೀಲಿಕ್ಕಿಲ್ಲ," ಎಂದ ಚಿತ್ತರಂಜನ. "ಹುಡುಗಿ ಒಪ್ಪಿದ್ಲು."

"ಒಳ್ಳೇದಾಯ್ತು," ಎಂದ ಸರ್ವೋತ್ತಮ, ರಸ್ತೆ ನೋಡುತ್ತಾ.

"ಅವಳಿಗೆ ಅಂಗಡಿ, ಆಸ್ತಿ ಯಾವುದೂ ದೊಡ್ಡದಲ್ಲಂತೆ. ಕಂಪ್ಯೂಟರ್ ಬರುವವನೇ ಆಗ್ಬೇಕು ಅಂತ ಹಟವಂತೆ. ಮದುವೆ ಆದ ಮೇಲೆ ಕಲೀಬೇಕು ಅಂತ ಆಸೆ."

"ನಿಮಗೆ ಕಂಪ್ಯೂಟರ್ ಬರ್ತದಾ?"

"ನಾನು ಅದನ್ನು ನೋಡ್ಲೇ ಇಲ್ಲ ಮಾರಾಯ್ರೆ. ಆದ್ರೆ ಬರ್ತದೆ ಅಂತ ಬಯೋಡಾಟಾದಲ್ಲಿ ಉಂಟಲ್ಲ. ಕಡೆಯ ಗೆರೆ. ಮಾಸ್ಟ್ರು ಗಟ್ಟಿಯಾಗಿ ಓದಿದ್ರು."

ಸರ್ವೋತ್ತಮ ಕಣ್ಣು ಮುಚ್ಚಿದ. ಭಟ್ಟರು ಕರೆದಾಗ ಅಳಿಸದೆ ಬಿಟ್ಟ ಗೆರೆ ಅದು.

ಮುಂದಿನಿಂದ ಪಂಕಜಾಕ್ಷಿ ಕೂಗಿ ಹೇಳಿದಳು: "ಸರ್ವೋತ್ತಮ, ನಾಳೆಯಿಂದ ಇವನನ್ನು ನಿನ್ನ ಹತ್ರ ಕಳಿಸ್ತೇನೆ. ಮದುವೆಯ ಒಳಗೆ ಪೂರ್ತಿ ಕಲಿಸಿಬಿಡು. ಭಟ್ರ ಹತ್ರ ನಾನು ಮಾತಾಡ್ತೇನೆ."

"ಎರಡು ಕೀ ಅಷ್ಟೇ ಅಂತೆ ಅಲ್ವಾ ಅಣ್ಣ?" ಎಂದ ರವೂಫ್, ಸ್ಟಿಯರಿಂಗ್ ಹಿಡಿದುಕೊಂಡೇ ಹಿಂದೆ ತಿರುಗಿ.

ಆ ಹೊತ್ತಿಗೇ ಜೀಪು ಹೊಂಡಕ್ಕೆ ಇಳಿದು ಎಗರಿತು. ಸರ್ವೋತ್ತಮನ ಕೈ ಜಾರಿತು. ಒಂದು ಕಾಲು ಗಾಳಿಯಲ್ಲಿ ತೂಗಿತು. ಚಿತ್ತರಂಜನ ಒಂದು ಕೈಯಲ್ಲಿ ಕಬ್ಬಿಣ ಹಿಡಿದುಕೊಂಡೇ ಇನ್ನೊಂದರಲ್ಲಿ ಅವನ ಸೊಂಟ ಬಳಸಿ, ಮೊಟ್ಟೆಯ ಬುಟ್ಟಿ ಹಿಡಿದಂತೆ ಎದೆಗೊತ್ತಿ ಹಿಡಿದುಕೊಂಡ.

"ಬಿಗಿ ಹಿಡ್ಕೊಳ್ಳಿ ಮಾರಾಯ್ರೆ," ಎಂದ, ನಿಜವಾದ ಕಳಕಳಿಯಿಂದ. "ನಿಮಗೆ ಏನಾದ್ರೂ ಆದ್ರೆ ನನ್ನ ಮದುವೆ ನಿಂತು ಹೋಗ್ತದೆ."