ದೊರೆಸಾನಿಯ ತಾರಸಿ

"ಮಾಲೀಕರು ಹುಲಿ ಸಾಕಿದೀನಿ ಅಂದಿದ್ರೂ ಈ ಮನೆಗೆ ಒಪ್ಕೊಳ್ತಿದ್ದೆ ಕಣೇ. ಇದು ಯಃಕಶ್ಚಿತ್ ಹೆಬ್ಬಾತು," ಎಂದು ಟಿಕ್ಕಣ್ಣ ಹೆಂಡತಿಯ ಮುಂದೆ ಎದೆಯುಬ್ಬಿಸಿದ.

ವಾಚು ರಿಪೇರಿ ಮಾಡುವವನಿಗೆ ಬೀದಿಯವರು ಇಟ್ಟ ಹೆಸರದು. ದಿನವಿಡೀ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆಯಂಥ ಚಕ್ರಗಳನ್ನು ನೋಡುವ ಅವನಿಗೆ ಬಹಳ ಕಾಲದ ಆಸೆಯೊಂದಿತ್ತು. ಮಧ್ಯಾಹ್ನ ಅಂಗಡಿಯ ಬಾಗಿಲೆಳೆದು ಬಂದು, ಗಾಳಿಗೆ ಮೈಚೆಲ್ಲಿ, ಆಕಾಶ ನೋಡುತ್ತ ನೋಡುತ್ತ ನಿದ್ದೆ ಹೋಗಬೇಕು. ಈ ಮಹಡಿ ಮನೆಗೆ ಅಂಥದೊಂದು ತಾರಸಿಯಿತ್ತು. ಮೇಲೆ ಬಳ್ಳಿ ಹಬ್ಬಿದ ಚಪ್ಪರ, ಕೆಳಗೆ ಹಗ್ಗದ ಮಂಚ. ಜೊತೆಗೆ ಕೆಳಮನೆಯಲ್ಲಿದ್ದ ಮಾಲೀಕರ, ಅಂದರೆ ನಿವೃತ್ತ ಬ್ಯಾಂಡ್ ಮಾಸ್ತರರ ಷರತ್ತು: "ತಾರಸಿ ಮೇಲೆ ನಮ್ಮ ಹೆಬ್ಬಾತು ದೊರೆಸಾನಿ ಇರ್ತಾಳೆ. ಅವಳನ್ನ ಓಡಿಸಿದ ದಿನ ನೀವೂ ಹೊರಡಬೇಕು."

ಮೊದಲ ಮಧ್ಯಾಹ್ನ ದಿಂಬು ಹಿಡಿದು ಹೊರಟ ಟಿಕ್ಕಣ್ಣ ತಾರಸಿಗೆ ಕಾಲಿಟ್ಟದ್ದೇ ತಡ, ದೊರೆಸಾನಿ ಕತ್ತು ಚಾಚಿ, ಬುಸ್ಸೆಂದು ಬಂದು ಮೀನಖಂಡ ಹಿಡಿದಳು. ದಿಂಬನ್ನು ಅಲ್ಲೇ ಬಿಟ್ಟು ಅವನು ಕಾಲಿಗೆ ಬುದ್ಧಿ ಹೇಳಿದ.

"ಹುಲಿಗೂ ಹೆದರದೋರು ಯಾಕೆ ಒಳಗೆ ಬಂದ್ಬಿಟ್ರಿ?" ಎಂದಳು ಹೆಂಡತಿ.

"ನೆತ್ತಿ ಮೇಲೆ ಬಿಸಿಲು."

ಹೆಂಡತಿಗೆ ಮಾತ್ರ ದೊರೆಸಾನಿ ಬೆಣ್ಣೆ. ಹೂವಿನ ಶಾಲು ಹೊದ್ದು ಅವಳು ಮಂಚದ ಮೇಲೆ ಒರಗಿದರೆ, ಇವಳು ಪಕ್ಕದಲ್ಲೇ ಮುದುರಿ ಕೂರುತ್ತಿದ್ದಳು. ಟಿಕ್ಕಣ್ಣ ಕಿಟಕಿಯ ಸರಳು ಹಿಡಿದು, ತನ್ನ ಸ್ವರ್ಗದಲ್ಲಿ ಇನ್ನೊಬ್ಬರು ಆಕಳಿಸುವುದನ್ನು ನೋಡುತ್ತಿದ್ದ. ಹೊಟ್ಟೆ ಉರಿಯಿತು. ತಲೆ ಓಡಿತು.

ಹೆಂಡತಿ ತರಕಾರಿಗೆಂದು ಹೋದ ಮಧ್ಯಾಹ್ನ, ಅದೇ ಶಾಲನ್ನು ತಲೆತುಂಬ ಹೊದ್ದು, ಅವಳ ನಡಿಗೆಯನ್ನೇ ನಡೆದು ಮಂಚ ಸೇರಿದ. ದೊರೆಸಾನಿ ಮೂಸಿದಳು. ಯೋಚಿಸಿದಳು. ಆಮೇಲೆ ಮಂಚವೇರಿ, ಉದ್ದ ಕತ್ತನ್ನು ಅವನ ಎದೆಯ ಮೇಲೆ ಚಾಚಿ ಕಣ್ಣು ಮುಚ್ಚಿದಳು.

ಆ ಕತ್ತು ಬೆಚ್ಚಗಿತ್ತು. ಎಲೆಗಳ ಸಂದಿನಲ್ಲಿ ಮೋಡಗಳು ಹತ್ತಿ ಹಿಂಜಿದಂತೆ ಸಾಗುತ್ತಿದ್ದವು. ಕಿವಿಯೊಳಗೆ ಸದಾ ಇರುತ್ತಿದ್ದ ಟಿಕ್‌ಟಿಕ್ ಎಲ್ಲೋ ದೂರ ಸರಿಯಿತು. ಮಂಚ ನೆಲ ಬಿಟ್ಟಿತೋ, ನೆಲವೇ ಮಂಚ ಬಿಟ್ಟಿತೋ, ಟಿಕ್ಕಣ್ಣ ತೇಲತೊಡಗಿದ. ಮುಳ್ಳುಗಳೇ ಇಲ್ಲದ ಬಿಳಿಯ ಗಡಿಯಾರವೊಂದು ಆಕಾಶದಲ್ಲಿ ಸುಮ್ಮನೆ ನಿಂತಿತ್ತು. ಯಾರೂ ಅದನ್ನು ರಿಪೇರಿ ಮಾಡಿಕೊಡು ಎನ್ನಲಿಲ್ಲ.

"ಮಲಗಿದೀಯೇನಮ್ಮಾ?"

ಮಾಸ್ತರರ ದನಿ. ಟಿಕ್ಕಣ್ಣನ ಜೀವ ಬಾಯಿಗೆ ಬಂತು. ಶಾಲಿನೊಳಗಿಂದಲೇ ಸಣ್ಣ ಗಂಟಲಲ್ಲಿ "ಹೂಂ" ಎಂದ.

"ದೊರೆಸಾನಿ ನಿಮ್ಮ ಯಜಮಾನರಿಗೆ ಭಾರೀ ಕಾಟ ಕೊಡ್ತಾಳಂತೆ. ನನ್ನ ಮಗಳು ತನ್ನ ಮನೆಗೆ ಕರ್ಕೊಂಡು ಹೋಗ್ತೀನಿ ಅಂತಿದಾಳೆ. ಕಳಿಸಿಬಿಡಲಾ?"

ಇನ್ನೊಂದು "ಹೂಂ" ಎಂದರೆ ಸಾಕಿತ್ತು; ತಾರಸಿ, ಮಂಚ, ಮೋಡ ಎಲ್ಲವೂ ಅವನದೇ. ಅಷ್ಟರಲ್ಲಿ ದೊರೆಸಾನಿ ನಿದ್ದೆಯಲ್ಲೇ ನಿಟ್ಟುಸಿರಿಟ್ಟು ಕತ್ತನ್ನು ಅವನ ಗಲ್ಲದ ಕೆಳಗೆ ತೂರಿಸಿದಳು.

"ಬೇಡ. ಇರ್ಲಿ ಬಿಡಿ, ಪಾಪ," ಎಂದಿತು ಸಣ್ಣ ಗಂಟಲು.

ಆಗಲೇ ತರಕಾರಿ ಚೀಲ ಹಿಡಿದ ಹೆಂಡತಿ ಬಾಗಿಲಲ್ಲಿ ಕಾಣಿಸಿಕೊಂಡಳು. ಮಾಸ್ತರರು ಅವಳನ್ನು ನೋಡಿದರು. ಮಂಚವನ್ನು ನೋಡಿದರು. ಮತ್ತೆ ಅವಳನ್ನು ನೋಡಿದರು.

ಹೆಂಡತಿ ರೆಪ್ಪೆಯನ್ನೂ ಅಲುಗಿಸದೆ, "ನಮ್ಮತ್ತೆ. ಊರಿಂದ ಬಂದಿದಾರೆ," ಎಂದಳು.

"ಹಾಗೋ," ಎಂದು ಮಾಸ್ತರರು ತಲೆಯಾಡಿಸಿ ಮೆಟ್ಟಿಲ ಕಡೆ ಹೊರಟವರು, ದನಿ ತಗ್ಗಿಸಿ ಹೇಳಿದರು: "ನಮ್ಮ ಮನೆಯವಳು ಇದ್ದಾಗ ನಾನೂ ಅವಳ ಶಾಲು ಹೊದ್ಕೊಂಡೇ ಇಲ್ಲಿ ಮಲಗ್ತಿದ್ದೆ ಕಣಮ್ಮ. ನಿಮ್ಮತ್ತೆಯೋರಿಗೆ ಹೇಳು, ಮೀಸೆ ಶಾಲಿನೊಳಗೆ ಎಳ್ಕೊಳ್ಳಲಿ. ದೊರೆಸಾನಿ ಏಳೋ ಹೊತ್ತಾಯ್ತು."